ಎಡಗೈ ಎಸೆಗಾರನ ಗುಟ್ಟು

"ಬುದ್ಧಿ, ನನ್ನ ಗುಟ್ಟನ್ನು ಹೊರಗೆ ಹಾಕುತ್ತಿರುವವನು ಯಾರೆಂದು ಪತ್ತೆ ಹಚ್ಚುವುದು ಹೇಗೆ?" ಎಂದು ಶಿಷ್ಯ ರೇವಣಯ್ಯ ಕೇಳಿದ. ಕೇಳುವ ಮೊದಲು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಿದ್ದ.

"ಯಾರ ಮೇಲೆ ಅನುಮಾನ?" ಎಂದರು ಗುರುಗಳು.

"ಕೋಣೆಯಲ್ಲಿ ನನ್ನ ಜೊತೆ ಇರೋನು ಶಾಂತಮಲ್ಲ ಒಬ್ಬನೇ. ನಾನು ಏನು ಮಾಡಬೇಕು ಅಂದುಕೊಂಡರೂ ಮಠಕ್ಕೆಲ್ಲ ಮೊದಲೇ ಗೊತ್ತಾಗಿಬಿಡುತ್ತೆ. ಅವನನ್ನ ಊರಿಗೆ ಕಳಿಸಿಬಿಡಿ ಬುದ್ಧಿ."

ಗುರುಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕತೆ ಹೇಳಿದರು.

ದೂರದ ಒಂದು ದೇಶದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ನಮ್ಮ ಕ್ರಿಕೆಟ್ಟಿನ ದಾಯಾದಿ ಎಂದುಕೋ. ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ದಾಂಡು ಬೀಸುತ್ತಾನೆ. ದಾಂಡಿಗನ ಬೆನ್ನ ಹಿಂದೆ ಎಸೆಗಾರನ ಕಡೆಯವನೇ ಒಬ್ಬ ಕುಕ್ಕರುಗಾಲಿನಲ್ಲಿ ಕುಳಿತಿರುತ್ತಾನೆ. ಅವನು ಹಿಡಿಗಾರ. ಎಂಥ ಚೆಂಡು ಎಸೆಯಬೇಕೆಂದು ಅವನು ಬೆರಳಿನಲ್ಲಿ ಸನ್ನೆ ಮಾಡುತ್ತಾನೆ. ಅದು ಎಸೆಗಾರನಿಗೆ ಮಾತ್ರ ತಿಳಿಯಬೇಕು.

ಅಲ್ಲೊಬ್ಬ ಎಡಗೈ ಎಸೆಗಾರನಿದ್ದ. ಆಟ ಶುರು ಮಾಡುವವನಲ್ಲ, ಕೊನೆಗೆ ಬರುವವನು. ಮೊದಲಿನ ಎಸೆಗಾರ ದಣಿದು, ಆಟ ಕೈಜಾರುತ್ತಿದೆ ಎನ್ನುವಾಗ ಇವನನ್ನು ಕರೆಯುವರು. ಎದುರಿಗೆ ಎಡಗೈ ದಾಂಡಿಗ ನಿಂತಿದ್ದರಂತೂ ಇವನೇ ಬೇಕು. ಬೇರೆಯವರು ಹಚ್ಚಿದ ಬೆಂಕಿಯನ್ನು ಆರಿಸುವುದೇ ಇವನ ಉದ್ಯೋಗ, ಅದೇ ಇವನ ಅನ್ನ. ಅವನಿಗೆ ಬರುತ್ತಿದ್ದದ್ದು ಎರಡೇ ಬಗೆಯ ಎಸೆತ. ಒಂದು ವೇಗದ್ದು, ಅದು ಮೊದಲೇ ಗೊತ್ತಿದ್ದರೂ ಹೊಡೆಯುವುದು ಕಷ್ಟ. ಇನ್ನೊಂದು ನಿಧಾನದ್ದು, ಅದು ಮೊದಲೇ ಗೊತ್ತಾದರೆ ನಿನ್ನಂಥವನೂ ಹೊಡೆದಾನು.

ನಾಲ್ಕು ವರ್ಷ ಚೆನ್ನಾಗಿ ನಡೆಯಿತು. ಒಂದು ದಿನ ಒಬ್ಬ ದಾಂಡಿಗ ಅವನ ನಿಧಾನದ ಚೆಂಡನ್ನು ಬಯಲಿನ ಆಚೆ ಹೊಡೆದ. ತಂಡ ಸೋತಿತು. ಚೆಂಡು ಇರುವುದೇ ಹೊಡೆಸಿಕೊಳ್ಳುವುದಕ್ಕೆ, ಬಿಡು ಎನ್ನಬಹುದಿತ್ತು. ಇವನು ಬಿಡಲಿಲ್ಲ. 'ಸನ್ನೆ ಗೊತ್ತಿರುವುದು ಇಬ್ಬರಿಗೇ. ನಾನಂತೂ ಹೇಳಿಲ್ಲ. ಹಾಗಾದರೆ?' ಎಂದು ಯೋಚಿಸಿದ. ಹಿಡಿಗಾರ ಅವನ ಗೆಳೆಯ, ಒಂದೇ ತಟ್ಟೆಯಲ್ಲಿ ಉಂಡವನು. ಅನುಮಾನ ಬಂದ ಮೇಲೆ ಅದೆಲ್ಲ ಯಾರಿಗೆ ನೆನಪಿರುತ್ತದೆ!

ಮುಂದಿನ ಆಟಗಳಲ್ಲೂ ನಿಧಾನದ ಚೆಂಡಿಗೆ ಪೆಟ್ಟು ಬಿತ್ತು. ಸನ್ನೆ ಬದಲಿಸಿದರು, ಆಗಲೂ ಬಿತ್ತು. ಒಂದು ಸಂಜೆ ಹಿಡಿಗಾರ ಹತ್ತಿರ ಬಂದು, "ನಿನಗೊಂದು ಮಾತು ಹೇಳಬೇಕು, ಸಿಟ್ಟಾಗಬೇಡ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡ ಎಸೆಗಾರ. ಮಾತು ಕೇಳದೆ ಎದ್ದುಹೋದ. ನೇರವಾಗಿ ಹೋಗಿ ತಂಡದ ಯಜಮಾನನ ಕಿವಿ ಊದಿದ. ಹಿಡಿಗಾರನನ್ನು ತೆಗೆದುಹಾಕಿದರು. ಅವನು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋದ.

ಹೊಸ ಹಿಡಿಗಾರ ಬಂದ. ಪೆಟ್ಟು ನಿಲ್ಲಲಿಲ್ಲ. ಇವನೂ ಕಳ್ಳನೇ ಎಂದ ಎಸೆಗಾರ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ತಂಡ ಬಿಟ್ಟು ಇನ್ನೊಂದು ತಂಡ ಸೇರಿದ, ಅಲ್ಲೂ ಅದೇ ಕತೆ. ಕೊನೆಗೆ ಅವನನ್ನು ಯಾರೂ ಕರೆಯಲಿಲ್ಲ. ಪಾಪ, ಕೈಯಲ್ಲಿ ಕಸುವು ಇನ್ನೂ ಇತ್ತು.

ಗುರುಗಳು ಇಲ್ಲಿ ನಿಲ್ಲಿಸಿ ನೀರು ಕುಡಿದರು. ಹೊರಗೆ ಯಾರೋ ನಡೆದ ಸದ್ದಾಯಿತು. ರೇವಣಯ್ಯ ಮತ್ತೆ ಬಾಗಿಲ ಕಡೆ ತಿರುಗಿ ನೋಡಿದ. ಗುರುಗಳು ಕತೆ ಮುಂದುವರಿಸಿದರು.

ಕೆಲವು ವರ್ಷಗಳ ಮೇಲೆ, ಮೊದಲ ಪೆಟ್ಟು ಕೊಟ್ಟಿದ್ದ ದಾಂಡಿಗ ಒಂದು ಮದುವೆಯೂಟದಲ್ಲಿ ಎಸೆಗಾರನಿಗೆ ಸಿಕ್ಕಿದ.

"ಈಗಲಾದರೂ ನಿಜ ಹೇಳು. ನಮ್ಮ ಸನ್ನೆ ನಿಮಗೆ ಯಾರು ಹೇಳ್ತಿದ್ದರು?" ಎಂದು ಎಸೆಗಾರ ಕೇಳಿದ.

"ಯಾರು ಹೇಳ್ತಾರೆ? ನೀನೇ! ನಿಧಾನದ ಚೆಂಡು ಎಸೆಯೋ ಮುಂಚೆ ಪ್ರತಿ ಸಲ ನಮ್ಮ ಬೆಂಚಿನ ಕಡೆ ನೋಡ್ತಿದ್ದೆ, ನಮಗೆ ಸುದ್ದಿ ಮುಟ್ಟಿತೋ ಏನೋ ಅಂತ. ವೇಗದ್ದಕ್ಕೆ ನೋಡ್ತಿರಲಿಲ್ಲ. ನಿನ್ನ ಹಿಡಿಗಾರ ಎದುರಿಗೇ ಕೂತಿರ್ತಿದ್ದನಲ್ಲ, ಅವನು ಹೇಳಲಿಲ್ವಾ?"

ಎಸೆಗಾರ ಅಷ್ಟಕ್ಕೇ ಬಿಡಲಿಲ್ಲ. "ಮೊದಲನೇ ಸಲ ಹೊಡೆದೆಯಲ್ಲ, ಆಗ ನನಗೆ ಯಾರ ಮೇಲೂ ಅನುಮಾನ ಇರಲಿಲ್ಲ. ಅದು?"

"ಅದಾ? ಕಣ್ಣು ಮುಚ್ಚಿ ಬೀಸಿದ್ದು."

ಎಸೆಗಾರ ಊಟದ ತಟ್ಟೆ ಕೆಳಗಿಟ್ಟು ಅತ್ತ.

ಕತೆ ಮುಗಿಯಿತು. ರೇವಣಯ್ಯ ದನಿ ತಗ್ಗಿಸಿ, "ಅದು ಆಟದ ಮಾತಾಯಿತು ಬುದ್ಧಿ. ಶಾಂತಮಲ್ಲನ ವಿಷಯ ಏನು ಮಾಡ್ತೀರಿ?" ಎಂದ.

"ಕತೆ ಮುಗಿಯುವಷ್ಟರಲ್ಲಿ ನೀನು ಐದು ಸಲ ಬಾಗಿಲ ಕಡೆ ನೋಡಿದ್ದನ್ನು ನನಗೆ ಬಂದು ಹೇಳಿದವನು ಶಾಂತಮಲ್ಲನೇ ಆಗಿದ್ದರೆ, ಇವತ್ತೇ ಅವನನ್ನು ಕಳಿಸಿಬಿಡೋಣ" ಎಂದರು ಗುರುಗಳು.