ಗುಳಿಯ ಅಗಲ

ಶಿಷ್ಯನು ಗುರುವಿನ ಮುಂದೆ ಒಂದು ಪೆಟ್ಟಿಗೆಯನ್ನು ಇಟ್ಟು ಕೇಳಿದನು:

“ಗುರುಗಳೇ, ನಾವು ವಿಡಿಯೋ ಗೇಮ್ ಯಂತ್ರ ಮಾಡುವವರು. ನಮ್ಮ ಹಿಂದಿನ ಯಂತ್ರದಲ್ಲಿ ಚಿತ್ರ ಹೆಚ್ಚು ಚೆಂದ, ವೇಗವೂ ಹೆಚ್ಚು, ಆದರೆ ಓಡುವುದು ನಮ್ಮ ಆಟ ಮಾತ್ರ. ದೇಶದೇಶಗಳ ಪೇಟೆಯಲ್ಲಿ ಜನ ಎದುರಾಳಿಯ ಯಂತ್ರವನ್ನೇ ಕೊಂಡರು. ಅದರಲ್ಲಿ ಹಳೆಯ ಆಟ, ಬೇರೆಯವರು ಮಾಡಿದ ಆಟ, ಸಿನಿಮಾ, ಹಾಡು, ಯಾವ ಡಿಸ್ಕ್ ಹಾಕಿದರೂ ಓಡುತ್ತದೆ. ಅದು ಯಂತ್ರವೋ ಧರ್ಮಛತ್ರವೋ ತಿಳಿಯದು. ಈ ಪೆಟ್ಟಿಗೆ ನಮ್ಮ ಹೊಸ ಯಂತ್ರ. ನಾಳೆ ಇದು ತಯಾರಿಕೆಗೆ ಕಾರ್ಖಾನೆಗೆ ಹೋಗಬೇಕು. ಇದೂ ಸೋತರೆ ನಾವು ಬಾಗಿಲು ಹಾಕಬೇಕಾಗುತ್ತದೆ. ಅವರು ಗೆದ್ದದ್ದು ಏಕೆ?”

ಗುರು ಪೆಟ್ಟಿಗೆಯನ್ನು ನೋಡಿದನು, ಮುಟ್ಟಲಿಲ್ಲ. ಬಳಿಕ ಕತೆ ಹೇಳಿದನು.

ಕಡಲ ತೀರದ ಒಂದೂರಿನಲ್ಲಿ ಅಣ್ಣ ತಮ್ಮ ಇಬ್ಬರು ಬಡಗಿಗಳಿದ್ದರು. ಇಬ್ಬರೂ ಗುಳಿಗಳಲ್ಲಿ ಬೀಜ ಹಾಕಿ ಆಡುವ ಚೆನ್ನೆಮಣೆ ಮಾಡುತ್ತಿದ್ದರು. ಅಣ್ಣನದು ಬೀಟೆ ಮರದ ಮಣೆ. ಅದರ ಗುಳಿಗಳು ಕನ್ನಡಿಯಂತೆ ನುಣುಪು, ಆಟದ ಸಣ್ಣ ಮಂಜೊಟ್ಟಿ ಬೀಜದ ಅಳತೆಗೆ ಸರಿಯಾಗಿ ಕೊರೆದವು. ತಮ್ಮನದು ಹಲಸಿನ ಮರದ ಮಣೆ, ಗುಳಿಗಳು ದೊಡ್ಡವು, ಕೆಲಸ ಸಾಧಾರಣ. ಒಬ್ಬ ಹಡಗಿನ ವ್ಯಾಪಾರಿ ಇಬ್ಬರನ್ನೂ ಪರದೇಶಕ್ಕೆ ಕರೆದೊಯ್ದನು. ಯಾರ ಮಣೆ ಹೆಚ್ಚು ಮಾರುತ್ತದೋ ಮುಂದೆ ಹಡಗಿನಲ್ಲಿ ಅವನ ಮಣೆಗೆ ಮಾತ್ರ ಜಾಗವೆಂದನು. ಅಣ್ಣನಿಗೆ ತನ್ನ ಕೈಯ ಮೇಲೆ ಅಷ್ಟು ನಂಬಿಕೆ. ಸೋತರೆ ಇನ್ನು ಉಳಿ ಮುಟ್ಟುವುದಿಲ್ಲವೆಂದು ಎಲ್ಲರೆದುರು ಪಣ ಕಟ್ಟಿದನು.

ಮೊದಲ ಬಂದರಿನಲ್ಲಿ ಜನ ಅಣ್ಣನ ಮಣೆಗೆ ಮುಗಿಬಿದ್ದರು. ತಮ್ಮ ನೊಣ ಹೊಡೆಯುತ್ತ ಕುಳಿತನು.

ಕೆಲವು ದಿನ ಕಳೆದವು. ಒಬ್ಬ ಹೆಂಗಸು ಅಣ್ಣನ ಬಳಿಗೆ ಮಣೆಯನ್ನು ಹೊತ್ತು ತಂದಳು.

“ಮಗು ಬೀಜಗಳನ್ನು ಎಲ್ಲೋ ಚೆಲ್ಲಿಬಿಟ್ಟಿದೆ. ಆಟ ನಿಂತುಹೋಗಿದೆ” ಎಂದಳು.

“ಮುಂದಿನ ವರ್ಷ ಹಡಗು ಬಂದಾಗ ಬೇರೆ ಬೀಜ ತಂದುಕೊಡುತ್ತೇನೆ” ಎಂದನು ಅಣ್ಣ.

“ಅಲ್ಲಿಯವರೆಗೆ ಈ ಮಣೆಯ ಮುಖ ನೋಡುತ್ತ ಕೂರಲೇ?”

ಅವಳು ಸೆರಗಿನಿಂದ ಖರ್ಜೂರದ ಬೀಜಗಳನ್ನು ಬಿಚ್ಚಿ ಗುಳಿಗೆ ಹಾಕಿದಳು. ನಾಲ್ಕನೆಯದಕ್ಕೇ ಗುಳಿ ತುಂಬಿ ಚೆಲ್ಲಿತು. ಅವಳು ಪಕ್ಕದ ತಮ್ಮನ ಮಣೆಗೆ ಹಾಕಿ ನೋಡಿದಳು. ಬೀಜಗಳು ಆರಾಮವಾಗಿ ಕುಳಿತವು. ಅದನ್ನೇ ಎತ್ತಿಕೊಂಡು ಹೋದಳು.

ಮುಂದಿನ ಬಂದರಿನ ಜನ ಕವಡೆ ಹಾಕಿ ಆಡಿದರು. ಅದರ ಮುಂದಿನವರು ಹೊಳೆಯ ಕಲ್ಲು ಹಾಕಿದರು. ಎಲ್ಲ ಕಡೆಯೂ ತಮ್ಮನ ಮಣೆಯೇ ಮಾರಿಹೋಯಿತು. ಕೊನೆಯ ಬಂದರಿಗೆ ಬರುವಾಗ ಅಣ್ಣನ ಮುಖ ಕಪ್ಪಿಟ್ಟಿತ್ತು. ತಮ್ಮನಿಗೆ ಗೆದ್ದ ಸಂತೋಷವಿರಲಿಲ್ಲ. ಅವನಿಗೆ ಕೆಲಸ ಕಲಿಸಿದವನು ಅಣ್ಣನೇ.

“ಅಣ್ಣ, ಇನ್ನೂ ಹೊತ್ತು ಮೀರಿಲ್ಲ. ಗುಳಿಗಳನ್ನು ಒಂದಿಷ್ಟು ಅಗಲ ಮಾಡು” ಎಂದು ಕೈ ಹಿಡಿದುಕೊಂಡನು.

“ನಾನು ಮಾಡಿದ ಮಣೆಯ ಮೇಲೆ ಕಂಡಕಂಡವರ ಬೀಜ ಉರುಳಬೇಕೇ?” ಎಂದನು ಅಣ್ಣ.

ಆದರೂ ಉಳಿಯನ್ನು ಕೈಗೆತ್ತಿಕೊಂಡನು. ಗುಳಿಯ ಅಂಚಿಗೆ ಒತ್ತಿ ಹಿಡಿದನು. ತಮ್ಮ ನೋಡುತ್ತಿದ್ದನು. ಅಣ್ಣ ಉಳಿಯನ್ನು ಕೆಳಗಿಟ್ಟನು. ಆಮೇಲೆ ಅದನ್ನು ಅವನು ಎತ್ತಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಶಿಷ್ಯನು, “ಅಯ್ಯೋ, ಎಂಥ ಹಟ. ಇನ್ನೊಂದಿಷ್ಟು ಕೊರೆದಿದ್ದರೆ ಬದುಕುತ್ತಿದ್ದನಲ್ಲ” ಎಂದನು.

ಗುರು ಹೊಸ ಯಂತ್ರವನ್ನು ಶಿಷ್ಯನ ಕಡೆಗೆ ಸರಿಸಿ ಕೇಳಿದನು:

“ಇದರ ಗುಳಿ ಎಷ್ಟು ಅಗಲವಿದೆ?”