ಯಾವ ಹೊಸಹಳ್ಳಿಯ ಶಿವಕ್ಕ?

ಹೊಳೆದಂಡೆಯ ಒಂದು ಮಠ. ಅಲ್ಲಿ ನಿರಂಜನ ಅಂತ ಒಬ್ಬ ಶಿಷ್ಯ. ಜಗತ್ತಿನಲ್ಲಿ ಏನೇ ಕಳೆದುಹೋಗಲಿ, ಇಂಟರ್ನೆಟ್ಟಿನಲ್ಲಿ ತಾನು ಹುಡುಕಿ ಕೊಡುತ್ತೇನೆ ಅಂತ ಅವನಿಗೆ ಭಾರಿ ಧೈರ್ಯ.

ಧೈರ್ಯಕ್ಕೆ ಕಾರಣವೂ ಇತ್ತು ಅನ್ನಿ. ಮಠದ ಓದುವ ಕೋಣೆಯಲ್ಲಿದ್ದ ಒಂದೇ ಕಂಪ್ಯೂಟರ್ ಅವನ ಮಾತನ್ನು ಮಾತ್ರ ಕೇಳುತ್ತಿತ್ತು. ಬಸ್ಸಿನ ಹೊತ್ತು, ಮಕ್ಕಳ ಪರೀಕ್ಷೆಯ ಫಲಿತಾಂಶ, ಹೊಲದ ಉತಾರದ ಕಾಗದ, ಭಕ್ತರು ಏನು ಕೇಳಿದರೂ ಚಿಟಿಕೆ ಹೊಡೆಯುವುದರೊಳಗೆ ತೆಗೆದುಕೊಡುತ್ತಿದ್ದ.

ಅವನ ಗುರು ಗುರುಪಾದಜ್ಜನವರು ಇದನ್ನೆಲ್ಲ ನೋಡಿ ನಗುತ್ತಿದ್ದರು. ಅಷ್ಟೇ.

ಒಂದು ಮುಂಜಾನೆ ನೀಲವ್ವ ಅನ್ನುವ ಹೆಂಗಸು ಬಂದಳು. ಅರವತ್ತು ದಾಟಿದ ಜೀವ. ಎರಡು ಬಸ್ಸು ಬದಲಿಸಿ ಬಂದು, ಅಜ್ಜನವರ ಕಾಲಿಗೆ ಬಿದ್ದು, ಎದ್ದವಳೇ ಅಳಲಿಕ್ಕೆ ಶುರುಮಾಡಿದಳು.

“ನಮ್ಮವ್ವ ಹಾಸಿಗಿ ಹಿಡದಾಳ್ರಿ ಅಜ್ಜಾರ. ಊಟ ಬಿಟ್ಟಾಳ. ‘ಶಿವೂನ್ನ ಕರಸು, ಶಿವೂನ್ನ ಕರಸು’ ಅಂತಾಳ. ಶಿವಕ್ಕ ನಮ್ಮಕ್ಕರಿ. ನಾ ಎಲ್ಲಿಂದ ಕರಸಲಿ?”

“ಯಾವೂರಿಗೆ ಕೊಟ್ಟಿದ್ರವಾ?”

“ಹೊಸಹಳ್ಳಿಗ್ರಿ.”

“ಯಾವ ಹೊಸಹಳ್ಳಿ?”

“ಭಾಳ ದೂರದ್ದು. ಅಪ್ಪಗ ಗೊತ್ತಿತ್ತು, ಅವನೂ ಹೋದ. ನನ್ನ ಮದಿವ್ಯಾಗ ಅಕ್ಕನ ಗಂಡನ್ನ ಮೊದಲನೇ ಪಂಕ್ತಿಗೆ ಕರೀಲಿಲ್ಲ ಅಂತ ಸಿಟ್ಟಾಗಿ, ಅಕ್ಕನ್ನ ಕರಕೊಂಡು ಎದ್ದ ಹೋದ್ರು. ನಮ್ಮಪ್ಪನೂ ಹಟಮಾರಿ. ನಲವತ್ತು ವರ್ಷ ಆತ್ರಿ, ಹೋಗೂದಿಲ್ಲ, ಬರೂದಿಲ್ಲ.”

ಅಜ್ಜನವರು ಶಿಷ್ಯನ ಕಡೆ ತಿರುಗಿದರು. “ತಮ್ಮಾ, ಹುಡುಕಿ ಕೊಡ್ತೀಯೇನು?”

“ಇದೇನು ದೊಡ್ಡ ಮಾತ್ರಿ ಅಜ್ಜಾರ? ಮಧ್ಯಾಹ್ನದ ಪ್ರಸಾದದೊಳಗ ಹುಡುಕಿರ್ತೀನಿ.”

ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಹಿಂದೆಯೇ ಓದುವ ಕೋಣೆಗೆ ಹೋಗಿ ಕೂತಳು.

ನಿರಂಜನ “ಹೊಸಹಳ್ಳಿ” ಅಂತ ಬರೆದು ಹುಡುಕಿದ. ಮೊದಲು ಬಂದದ್ದು ಸೈಟು ಮಾರುವವರ ಜಾಹೀರಾತು. ಆಮೇಲೆ ಒಂದು ಮದುವೆ ಹಾಲ್. ಆಮೇಲೆ ಮತ್ತೆ ಸೈಟು.

ನಕ್ಷೆ ತೆಗೆದ. ಅಯ್ಯೋ, ಆ ನಕ್ಷೆಯ ಅವತಾರ ನೋಡಬೇಕಿತ್ತು. ಮೈತುಂಬ ದಡಾರ ಎದ್ದ ಕೂಸಿನ ಹಾಗೆ, ಎಲ್ಲಿ ನೋಡಿದರೂ ಹೊಸಹಳ್ಳಿ.

“ಇಷ್ಟೊಂದು ಮಂದಿ ಹಳೇಹಳ್ಳಿ ಬಿಟ್ಟು ಬಂದಾರೇನ್ರಿ?” ಅಂದಳು ನೀಲವ್ವ.

ಅವನು ಮತದಾರರ ಪಟ್ಟಿಗೆ ಹೋದ. ಶಿವಕ್ಕನ ಪೂರ್ತಿ ಹೆಸರು ಶಿವಗಂಗವ್ವ, ಗಂಡ ಬಸಪ್ಪ. ಇಬ್ಬರು ಸಿಕ್ಕರು. ಒಬ್ಬಾಕೆಗೆ ವಯಸ್ಸು ಇಪ್ಪತ್ತಾರು. ಇನ್ನೊಬ್ಬಾಕೆಯ ಊರೇ ಬೇರೆ.

ನೀಲವ್ವನ ಹತ್ತಿರ ಅಕ್ಕನ ಒಂದು ಹಳೇ ಫೋಟೋ ಇತ್ತು. ಅದನ್ನೇ ಹಾಕಿ ಹುಡುಕಿದ. ಯಂತ್ರ ಅಕ್ಕನ ಮುಖ ಬಿಟ್ಟು ಸೀರೆ ಹಿಡಿಯಿತು. ಇಂಥದೇ ಇಳಕಲ್ ಸೀರೆ ಬೇಕೇ ಅಂತ ಸಾಲಾಗಿ ಹನ್ನೆರಡು ತೋರಿಸಿತು.

ಕೊನೆಗೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಎಐ ಯಂತ್ರವನ್ನು ಕೇಳಿದ. ಅದು ತಡಮಾಡಲೇ ಇಲ್ಲ. “ಹೊಸಹಳ್ಳಿಯ ಶಿವಗಂಗವ್ವ ನಾಡಿನ ಹೆಸರಾಂತ ಜನಪದ ಗಾಯಕಿ” ಅಂತ ಶುರುಮಾಡಿ ಎರಡು ಪ್ರಶಸ್ತಿಯನ್ನೂ ಕೊಟ್ಟುಬಿಟ್ಟಿತು.

ನಿರಂಜನ ಉಬ್ಬಿಹೋದ. ದೊಡ್ಡ ದನಿಯಲ್ಲಿ ಓದಿ ಹೇಳಿದ.

ನೀಲವ್ವ ಪಿಳಿಪಿಳಿ ನೋಡಿದಳು. “ನಮ್ಮಕ್ಕಗ ಹಾಡಾಕ ಬರೂದಿಲ್ಲ ಯಪ್ಪಾ. ಒದರಾಕ ಬರ್ತೈತಿ.”

ಪ್ರಸಾದದ ಗಂಟೆ ಹೊಡೆಯಿತು. ಸಂಜೆಯ ಗಂಟೆಯೂ ಹೊಡೆಯಿತು. ನಿರಂಜನನ ತಲೆ ಗಿರ್ರ್ ಅನ್ನುತ್ತಿತ್ತು. ಒಂದೊಂದು ಒಂದೊಂದು ಹೇಳುತ್ತದೆ. ಯಾವುದು ಖರೆ, ಯಾವುದು ಸುಳ್ಳು, ಒಂದೂ ತಿಳಿಯಲಿಲ್ಲ.

“ಮರಿದೇವ್ರ, ಸಾಕ್ರಿ, ಏಳ್ರಿ,” ಅಂದಳು ನೀಲವ್ವ. “ಹಿಂಗ ಉಣ್ಣದ ಕುಂತ್ರ ನಿಮ್ಮವ್ವ ಏನಂದಾಳು? ಎಲ್ಲಿರ್ತಾಳ್ರಿ ನಿಮ್ಮವ್ವ?”

ನಿರಂಜನ ಕೇಳಿಸದವನ ಹಾಗೆ ಕಂಪ್ಯೂಟರಿನ ಕಡೆ ಮುಖ ಮಾಡಿದ.

ಮೂರು ವರ್ಷದ ಹಿಂದೆ, ಮನೆಯಲ್ಲಿ ಜಗಳ ತೆಗೆದು, ಹೇಳದೆ ಕೇಳದೆ ಬಂದವನು ಅವನು. ಕಂಕುಳಲ್ಲಿ ಅವ್ವ ಹೊಲಿದ ಒಂದು ಕೌದಿ ಬಿಟ್ಟರೆ ಬೇರೆ ಏನೂ ಇರಲಿಲ್ಲ. “ಮನ್ಯಾಗ ಯಾರ್ಯಾರು ಅದಾರ?” ಅಂತ ಅಜ್ಜನವರು ಕೇಳಿದಾಗ, “ಯಾರೂ ಇಲ್ರಿ” ಅಂದಿದ್ದ. ಅಜ್ಜನವರು ಆ ಕೌದಿಯನ್ನು ಒಂದು ಗಳಿಗೆ ನೋಡಿ, ಸುಮ್ಮನೆ ಒಳಗೆ ಕರೆದುಕೊಂಡಿದ್ದರು. ದೀಕ್ಷೆ ಕೊಟ್ಟು ಹೊಸ ಹೆಸರು ಇಟ್ಟಿದ್ದರು.

ರಾತ್ರಿ ಮಠದಲ್ಲೇ ಉಳಿದಿದ್ದ ನೀಲವ್ವನಿಗೆ ಮರುದಿನ ಬೆಳಿಗ್ಗೆ ಸೊಸೆ ಫೋನ್ ಮಾಡಿದಳು. ಮುದುಕಿ ಗಂಜಿಯನ್ನೂ ಬಿಟ್ಟಿದ್ದಾಳೆ, ಜಲ್ದಿ ಏನಾದರೂ ಮಾಡಿ ಅಂದಳು.

ನಿರಂಜನ ಅಜ್ಜನವರ ಮುಂದೆ ಹೋಗಿ ನಿಂತ. “ನನಗ ಆಗವಲ್ದು ಅಜ್ಜಾರ. ಇದ್ದಬದ್ದ ಸಾಧನ ಎಲ್ಲಾ ಹಚ್ಚಿ ಹುಡುಕಿದೆ.”

ಅಜ್ಜನವರು ಒಂದು ಬುಟ್ಟಿ ಜೋಳ ತಂದು ಅವನ ಮುಂದಿಟ್ಟರು. ಪಕ್ಕದಲ್ಲಿ ಒಂದು ಮೊರ, ಒಂದು ಜರಡಿ.

“ಇದರಾಗ ಹುಡುಕು.”

ಅಷ್ಟೇ ಹೇಳಿ ಪೂಜೆಗೆ ಹೋದರು.

ಬಡಪಾಯಿ ಮೈಮುರಿದು ದುಡಿದ. ಜರಡಿಯಲ್ಲಿ ಜಾಲಿಸಿದ, ಧೂಳು ಕೆಳಗೆ ಬಿತ್ತು. ಮೊರದಲ್ಲಿ ಕೇರಿದ, ಹೊಟ್ಟು ಹಾರಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಕೈಯಿಂದ ಕಲ್ಲು ಆರಿಸಿದ. ಮೂರು ಗುಡ್ಡೆ ಮಾಡಿ ಕಾದ.

ಅಜ್ಜನವರು ಬಂದು ನೋಡಿದರು. “ಧೂಳು, ಹೊಟ್ಟು, ಕಲ್ಲು. ಇವನ್ನ ಹುಡುಕು ಅಂದಿದ್ನೇನು?”

“ಮತ್ತ ಏನು ಹುಡುಕಬೇಕಿತ್ರಿ?”

“ಈಗ ಕೇಳಿದಿ.”

ನಿರಂಜನ ಬುಟ್ಟಿಯೊಳಗೆ ಬಗ್ಗಿ ನೋಡಿದ. “ಏನಿತ್ರಿ ಅದರಾಗ?”

“ಜೋಳ. ಹಸನಾಗೇತಿ, ಗಿರಣಿಗೆ ಹಾಕಿಸಿ ನೀಲವ್ವಗ ಕೊಡು. ಆಕಿ ರೊಟ್ಟಿ ಬಡಿಯೋತನಕ ಅಲ್ಲೇ ಕುಂದ್ರು.”

ಇದೇನು ಪಾಠವೋ, ಶಿಕ್ಷೆಯೋ? ಅವನಿಗೆ ಅರ್ಥವಾಗಲಿಲ್ಲ. ಹಿಟ್ಟು ಬೀಸಿಸಿಕೊಂಡು ಬಂದು ಅಡುಗೆಮನೆಯಲ್ಲಿ ಕೂತ.

ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ಕೆಲಸದಲ್ಲಿ, ಕಣ್ಣು ಬೇರೆಲ್ಲೋ. ಸುಮ್ಮನೆ ಕೂತು ಬೇಜಾರಾಗಿ ನಿರಂಜನ ಕೇಳಿದ, “ನಿಮ್ಮಕ್ಕನೂ ಹಿಂಗ ಬಡೀತಿದ್ಲೇನು?”

ನೀಲವ್ವ ಎರಡು ದಿನದಲ್ಲಿ ಮೊದಲ ಸಲ ನಕ್ಕಳು. “ಹಿಂಗಲ್ರಿ, ಆಕಿ ಎಡಚಿ! ಎಡಗೈಲೆ ಬಡಿತಿದ್ಲು. ರೊಟ್ಟಿ ಹಿಂದಮುಂದ ತಿರಗತಿತ್ತು. ನಮ್ಮವ್ವ ಬೈದ ಬೈದ ಸಾಕಾಗಿ ಬಿಟ್ಟಿದ್ಲು.”

“ಅತ್ತಿಮನಿ ಬಗ್ಗೆ ಏನು ಹೇಳತಿದ್ಲು?”

“ಊರ ಮುಂದ ಹೊಳಿ ಅಂತಿದ್ಲು. ಹೊಳಿ ನಡಬರಕ ಒಂದು ಗಡ್ಡಿ, ಅದರ ಮ್ಯಾಲ ಹನುಮಪ್ಪನ ಗುಡಿ. ಹೊಳಿ ಬಂದ್ರ ಗುಡಿ ಮುಣಗಿ ಶಿಖರ ಅಷ್ಟ ಕಾಣತೈತಿ ಅಂತ. ಮೊದಲನೇ ವರ್ಷ ಅದನ್ನ ನೋಡಿ ಅಂಜಿ ಅತ್ತಿದ್ಲಂತ.”

“ಇದನ್ನ ನಿನ್ನೆ ಯಾಕ ಹೇಳಲಿಲ್ಲ, ನೀಲವ್ವ?”

“ನೀವು ಪೆಟ್ಟಿಗಿನ ಕೇಳಾಕತ್ತಿದ್ರಿ. ನನ್ನನ್ನೆಲ್ಲಿ ಕೇಳಿದ್ರಿ?”

ಅವನ ಮುಖ ಸುಟ್ಟ ಬದನೆಕಾಯಿಯಾಯಿತು. ಅವಸರದಲ್ಲಿ ಏಳುತ್ತ, “ಹೆಸರು ಶಿವಗಂಗವ್ವ ಅನ್ನೂದಾದ್ರೂ ಖರೆ ಹೌದಲ್ರಿ?” ಅಂದ.

“ನಮಗ ಶಿವಗಂಗವ್ವ. ಅತ್ತಿಮನ್ಯಾಗ ಬೇರೆ. ಹೊಸ್ತಲಾ ದಾಟಿದ ದಿನಾನ ಹೆಸರು ಬದಲ್ ಮಾಡಿದ್ರಲ್ಲ, ನಮ್ಮ ಕಡೆ ಎಲ್ಲಾ ಹೆಣಮಕ್ಕಳಿಗೂ ಮಾಡ್ತಾರ. ಏನಿಟ್ಟಿದ್ರೋ, ಯಾರು ನೆನಪ ಇಟ್ಟಾರ? ನಮಗ ಆಕಿ ಶಿವಕ್ಕ.”

ನಿರಂಜನ ಹಾಗೇ ಕೂತುಬಿಟ್ಟ. ಒಂದು ಇಡೀ ದಿನ, ನಲವತ್ತು ವರ್ಷದಿಂದ ಯಾರೂ ಕರೆಯದ ಹೆಸರನ್ನು ಅವನು ಹುಡುಕಿದ್ದ.

ಅವ್ವ ಹೊಲಿದ ಕೌದಿ ನೆನಪಾಯಿತು. ಆ ನೆನಪನ್ನು ಅಲ್ಲೇ ಅದುಮಿಟ್ಟು ಕಂಪ್ಯೂಟರಿಗೆ ಓಡಿದ.

ಈ ಸಲ ಹೆಸರು ಬರೆಯಲಿಲ್ಲ. ನಕ್ಷೆಯಲ್ಲಿ, ಆಕಾಶದಿಂದ ತೆಗೆದ ಚಿತ್ರ ಹಿಡಿದು, ಹೊಳೆಗುಂಟ ಇರುವ ಹೊಸಹಳ್ಳಿಗಳನ್ನು ಮಾತ್ರ ನೋಡುತ್ತ ಹೋದ. ಹೊಳೆಯಲ್ಲಿ ನಡುಗಡ್ಡೆ ಇದ್ದದ್ದು ಎರಡೇ ಎರಡು ಕಡೆ. ಹಳೇ ಪತ್ರಿಕೆಗಳ ಸುದ್ದಿಯಲ್ಲಿ “ಹನುಮಪ್ಪನ ಗುಡಿ ಮುಳುಗಡೆ” ಅಂತ ಹುಡುಕಿದ. ಒಂದರ ಫೋಟೋ ಸಿಕ್ಕಿತು. ಕೆಂಪು ನೀರು, ಮೇಲೆ ಒಂದು ಶಿಖರ.

ಹಿಂದೆಯೇ ಎದ್ದು ಬಂದಿದ್ದ ನೀಲವ್ವ ಫೋಟೋ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಆ ಊರಿನ ಮತದಾರರ ಪಟ್ಟಿಯಲ್ಲಿ, ಗಂಡನ ಹೆಸರು ಬಸಪ್ಪ ಅಂತ ಇದ್ದ ಹೆಂಗಸರು ಹತ್ತೊಂಬತ್ತು. ಇದರಲ್ಲಿ ಯಾರು? ಪಟ್ಟಿ ಅದನ್ನು ಹೇಳಲಿಲ್ಲ. ಸರ್ಕಾರಿ ಕೈಪಿಡಿಯಲ್ಲಿ ಪಂಚಾಯತಿಯ ಮೊಬೈಲ್ ನಂಬರು ಹುಡುಕಿ ಫೋನ್ ಹಚ್ಚಿದ.

ಎತ್ತಿದವನು ಊರಿಗೆ ನಳದ ನೀರು ಬಿಡುವ ಯಮನಪ್ಪ.

“ಅಣ್ಣಾರ, ನಿಮ್ಮೂರಾಗ ಒಬ್ಬಾಕಿ ಮುದುಕಿ ಬೇಕಾಗಿತ್ತು.”

“ಹೆಸರೇನ್ರಿ?”

“ಹೆಸರು ಗೊತ್ತಿಲ್ಲ.”

“ಹೆಸರ ಇಲ್ಲದ ಎಲ್ಲಿ ಹುಡುಕಲೋ ಮಾರಾಯಾ?”

“ಎಡಗೈಲೆ ರೊಟ್ಟಿ ಬಡಿತಾಳ.”

ಆ ಕಡೆಯಿಂದ ನಗು. “ಪಾರವ್ವ ಆಯಿ! ಮೊದಲ ಹೇಳಬಾರದ? ಆಕಿ ಮನಿ ಮುಂದನ ನಳಾ ಬಿಡಾಕ ಹೊಂಟೀನಿ. ಇರ್ರಿ, ಫೋನ್ ಕೊಡ್ತೀನಿ.”

ನಿರಂಜನ ಫೋನನ್ನು ನೀಲವ್ವನ ಕಿವಿಗೆ ಹಿಡಿದ. ಅವಳ ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು.

“ಶಿವಕ್ಕಾ,” ಅಂದಳು.

ಆ ಕಡೆ ನಳದ ನೀರು ಕೊಡಕ್ಕೆ ಬೀಳುತ್ತಿತ್ತು.

“ಯಾರು?” ಅಂದಿತು ಒಂದು ಮುದಿದನಿ. “ಆ ಹೆಸರ್ಲೆ ನನ್ನ ಕರಿಯೋರು ಯಾರದಾರ ಇನ್ನ?”

“ನಾನ ಅಕ್ಕಾ, ನೀಲಿ.”

“ಅವ್ವ… ಅವ್ವ ಅದಾಳೇನ?”

“ಅದಾಳ. ನಿನ್ನ ಹಾದಿ ಕಾಯಾಕತ್ತಾಳ. ಬಾ.”

ಇಬ್ಬರೂ ಅತ್ತರು. ಯಮನಪ್ಪ ಆ ಕಡೆ ಅತ್ತನಂತೆ. ನಿರಂಜನ ಈ ಕಡೆ ಕಿಟಕಿಗೆ ಮುಖ ಮಾಡಿ ನಿಂತಿದ್ದ.

ಮೂರನೇ ದಿನಕ್ಕೆ ನೀಲವ್ವನ ಫೋನ್ ಬಂತು. ಅಕ್ಕ ಬಂದು ಮುಟ್ಟಿದ್ದಾಳೆ. ಕಣ್ಣು ಕಾಣದ ಮುದುಕಿ, ಬಾಯಿಗೆ ಬಂದ ಕೈ ಎಡಗೈ ಅಂತ ತಿಳಿದು, “ಬಲಗೈಲೆ ತಿನಿಸ ಹುಚ್ಚಿ” ಅಂತ ಬೈದು, ಒಂದು ಬಟ್ಟಲು ಗಂಜಿ ಕುಡಿದಿದ್ದಾಳೆ.

ಅಂದು ಸಂಜೆ ಅಜ್ಜನವರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ನಿರಂಜನ ಹೋಗಿ ಸುದ್ದಿ ಹೇಳಿದ. ಸುದ್ದಿ ಮುಗಿದರೂ ಅಲ್ಲೇ ನಿಂತ.

“ಮತ್ತೇನು?”

“ಒಂದು ತಿಳೀವಲ್ದು ಅಜ್ಜಾರ. ಮೊದಲ ದಿನ ದಾರಿ ತಪ್ಪಿಸಿದ್ದೂ ಆ ನಕ್ಷೆನ, ಆ ಪಟ್ಟಿನ. ಮರುದಿನ ದಾರಿ ತೋರಿಸಿದ್ದೂ ಅವೇ. ಹಂಗಾರ ಯಾವುದನ್ನ ನಂಬಬೇಕ್ರಿ?”

ಅಜ್ಜನವರು ನೀರಿನಲ್ಲಿ ಕಾಲಾಡಿಸಿದರು.

“ನಿನಗ ನಿರಂಜನ ಅಂತ ಹೆಸರಿಟ್ಟು ಎಷ್ಟು ವರ್ಷಾತು?”

“ಮೂರ್ರಿ.”

“ಅದಕ್ಕಿಂತ ಮೊದಲ ಏನಿತ್ತು?”

ಆ ಹೆಸರನ್ನು ಶಿಷ್ಯ ತನ್ನ ಬಾಯಿಂದ ಹೇಳಿಕೊಂಡು ಎಷ್ಟು ದಿನವಾಗಿತ್ತೋ. ಹೇಳುವಾಗ ಯಾರನ್ನೋ ಕರೆದ ಹಾಗಾಯಿತು.

“ಈರಣ್ಣ ರೀ.”

ಅಜ್ಜನವರು ಎದ್ದು, ಅವನ ಹೆಗಲ ಮೇಲೆ ಕೈ ಇಟ್ಟರು.

“ಈರಣ್ಣನ್ನ ಹುಡುಕಾಕತ್ತಿರೋ ಆ ಕೌದಿ ಹೊಲಿದ ತಾಯಿಗೆ ನಿರಂಜನ ಹೆಂಗ ಸಿಗಬೇಕು, ತಮ್ಮಾ?”