ಗೀಜಗದ ಡಬ್ಬಿ

"ಗುರುಗಳೇ, ಕಂಡವರೆಲ್ಲ ಚೆನ್ನಾಗಿದೆ ಎಂದರೆ ಅದು ಒಳ್ಳೆಯ ಕೆಲಸ ತಾನೇ?" ಎಂದು ಮಂದಾಕಿನಿ ಕೇಳಿದಳು.

ಕಾಳಾಚಾರ್ಯರ ಬಳಿ ಅವಳು ವಿನ್ಯಾಸ ಕಲಿಯುತ್ತಿದ್ದಳು. ಅವಳು ಬರೆದ ಸೋಪಿನ ಹೊದಿಕೆ ಆ ವಾರ ಊರ ಅಂಗಡಿಗಳಿಗೆ ಬಂದಿತ್ತು. ನೋಡಿದವರೆಲ್ಲ ಹೊಗಳಿದ್ದರು. ಹುಡುಗಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

"ಅಯ್ಯೋ ಮಗಳೇ, ಅದನ್ನು ನನ್ನ ಬಾಯಿಂದಲೂ ಹೇಳಿಸಬೇಕೇ? ಕೂತುಕೋ," ಎಂದು ಆಚಾರ್ಯರು ನಕ್ಕು ಹೇಳತೊಡಗಿದರು.

ಒಬ್ಬ ವಿನ್ಯಾಸಕಾರನಿದ್ದ. ಡಿಸೈನರ್ ಅನ್ನುತ್ತೀರಲ್ಲ, ಅದೇ. ಸಾಮಾನ್ಯನಲ್ಲ. ಚಹಾಪುಡಿಯ ಪೊಟ್ಟಣ, ತಲೆಗೆ ಹಚ್ಚುವ ಎಣ್ಣೆ, ಬ್ಯಾಂಕಿನ ಗುರುತು, ಪುಸ್ತಕದ ರಕ್ಷಾಪುಟ, ಎಲ್ಲದರ ಮೇಲೂ ಅವನದೇ ಗೆರೆ. ಕಲಿಯುವ ಹುಡುಗರು ಅವನ ಅಕ್ಷರಗಳ ಮೇಲೆಯೇ ಕೈ ತಿದ್ದುತ್ತಿದ್ದರು. ಅವನು ಸುಮ್ಮನೆ ಒಂದು ಚುಕ್ಕಿ ಇಟ್ಟರೂ ಅದು ಮುದ್ದಾಗಿ ಕೂರುತ್ತಿತ್ತು.

ಅವನಿಗೆ ತಾಯಿ ಇರಲಿಲ್ಲ. ಸಾಕಿದವಳು ಅಕ್ಕ. ತಮ್ಮ ಬರೆದದ್ದು ಏನು ಸಿಕ್ಕರೂ ಅವಳು ಬಿಸಾಡಿದವಳಲ್ಲ. ಪೊಟ್ಟಣವಾದರೆ ಬಿಡಿಸಿ, ಒರೆಸಿ ಗೋಡೆಗೆ ಅಂಟಿಸುವಳು. ಡಬ್ಬಿಯಾದರೆ ತೊಳೆದು ಅಡಿಗೆಮನೆಯಲ್ಲಿ ಇಡುವಳು. ಅವಳ ಬೇಳೆ, ಮೆಣಸು, ಸಕ್ಕರೆ ಎಲ್ಲ ತಮ್ಮನ ಚಿತ್ರದೊಳಗೇ ಇರುತ್ತಿದ್ದವು.

ಒಮ್ಮೆ ಆ ಚಹಾಪುಡಿ, ಎಣ್ಣೆ ಮಾರುವ ವ್ಯಾಪಾರಿಯೇ ಬಂದು, ಬೆಳೆಗೆ ಬೀಳುವ ಹುಳು ಸಾಯಿಸುವ ಪುಡಿಗೆ ಡಬ್ಬಿ ಬರೆದುಕೊಡಿ ಎಂದ. ವಿನ್ಯಾಸಕಾರ ಹಾಲುತುಂಬಿದ ಭತ್ತದ ತೆನೆ ಬರೆದ. ತೆನೆಯ ಮೇಲೊಂದು ಗೀಜಗದ ಹಕ್ಕಿ ಕೂರಿಸಿದ. ವಿಷ ಎಂದು ತಿಳಿಸುವ ಕೆಂಪು ಗುರುತನ್ನೂ ಹಾಕಬೇಕಿತ್ತು. ಅದು ದೊಡ್ಡದಾದರೆ ಹಕ್ಕಿಯ ಅಂದ ಕೆಡುತ್ತದೆ ಎಂದು ತಳದಲ್ಲಿ, ಸಾಸಿವೆಕಾಳಿನಷ್ಟು ಮಾಡಿ ಇಟ್ಟ. ಡಬ್ಬಿ ಅಂಗಡಿಗಳಿಗೆ ಹೋಯಿತು. ಜನ ಹಕ್ಕಿಯನ್ನು ನೋಡಿ ನೋಡಿ ಕೊಂಡರು. ಅವನಿಗೆ ಹಾರ ಹಾಕಿ ಸನ್ಮಾನವನ್ನೂ ಮಾಡಿದರು.

ಮುಂದಿನ ಸುಗ್ಗಿಗೆ ಅವನು ಅಕ್ಕನ ಮನೆಗೆ ಹೋದ. ಅಕ್ಕನ ಮುಖ ಸೊರಗಿತ್ತು. ಪುಟ್ಟ ಮೊಮ್ಮಗಳು ಚಾಪೆಯ ಮೇಲೆ ಮಲಗಿದ್ದಳು.

"ಮಗೂಗೆ ಒಂದೇ ಸಮ ವಾಂತಿ ಕಣೋ. ಯಾರ ಕಣ್ಣು ಬಿತ್ತೋ, ದೃಷ್ಟಿ ತೆಗೆದೆ. ನೀನು ದಣಿದು ಬಂದಿದೀಯ, ಮೊದಲು ಇದನ್ನ ತಿನ್ನು," ಎಂದು ಅಕ್ಕ ತಂಬಿಟ್ಟಿನ ಉಂಡೆ ಕೊಟ್ಟಳು.

ಉಂಡೆ ಬಾಯಿಯ ಹತ್ತಿರ ಹೋಗಿತ್ತು. ಅವಳ ಇನ್ನೊಂದು ಕೈಯಲ್ಲಿದ್ದ ತಂಬಿಟ್ಟಿನ ಡಬ್ಬಿಯಿಂದ ಗೀಜಗ ಅವನನ್ನೇ ನೋಡುತ್ತಿತ್ತು.

ಅವನು ಉಂಡೆಯನ್ನು ಎಸೆದ. ಮಗುವನ್ನು ಎತ್ತಿಕೊಂಡವನೇ ಆಸ್ಪತ್ರೆಗೆ ಓಡಿದ. ಹಿಂದೆಯೇ ಅಕ್ಕ. ವೈದ್ಯರು ಎರಡು ದಿನ ಒದ್ದಾಡಿದರು. ದೇವರು ದೊಡ್ಡವನು, ಮಗು ಉಳಿಯಿತು.

ಆದರೆ ಅಕ್ಕನಿಗೆ ಸಮಾಧಾನವಿರಲಿಲ್ಲ. ಹಾಸಿಗೆಯ ಪಕ್ಕ ಕೂತು ತನ್ನ ಕೈಯನ್ನೇ ನೋಡಿಕೊಂಡು ಅಳುತ್ತಿದ್ದಳು. "ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದೆ ಕಣೋ. ತಳದಲ್ಲಿ ಏನೋ ಕೆಂಪಗಿತ್ತು. ನೀನು ಬರೆದ ಹಕ್ಕಿ ನೋಡೋಳಿಗೆ ಅದೆಲ್ಲಿ ಕಾಣುತ್ತೆ? ನನ್ನ ಕೈಯಾರೆ ಉಣ್ಣಿಸಿದೆನಲ್ಲೋ!"

"ನಿನ್ನ ಕೈ ಅಲ್ಲಕ್ಕ, ನನ್ನ ಕೈ," ಎಂದ ತಮ್ಮ. ಅವಳ ಎರಡೂ ಕೈಗಳನ್ನು ಹಿಡಿದುಕೊಂಡು ಅವನೂ ಅತ್ತ. ಮನೆಯಲ್ಲಿದ್ದ ಡಬ್ಬಿಯನ್ನು ಹೂತರಾಯಿತು; ಊರೂರಿನ ಅಕ್ಕಂದಿರ ಅಡಿಗೆಮನೆಗಳಲ್ಲಿ ಇರುವುದನ್ನು ಏನು ಮಾಡುವುದು ಎಂದು ಅವನಿಗೆ ನಿದ್ದೆ ಬರಲಿಲ್ಲ.

ಹಿಂದಿರುಗಿ ಹೊಸ ಡಬ್ಬಿ ಬರೆಯಲು ಕೂತ. ಯಾರೂ ಮನೆಗೆ ಸೇರಿಸಬಾರದಂಥ ಡಬ್ಬಿ. ಸುಲಭ ಅಂದುಕೊಂಡೆಯಾ? ಕೈ ಅವನ ಮಾತು ಕೇಳಲಿಲ್ಲ. ಎಷ್ಟು ಕೆಡಿಸಿದರೂ ಗೆರೆಯಲ್ಲಿ ಎಲ್ಲೋ ಒಂದು ಬಳುಕು ಇಣುಕುತ್ತಿತ್ತು. ಬರೆದ, ಹರಿದ, ಮತ್ತೆ ಬರೆದ. ಜೀವಮಾನವೆಲ್ಲ ಕಲಿತದ್ದನ್ನು ಮರೆಯುವುದಕ್ಕೆ ಮಳೆಗಾಲ ಪೂರ್ತಿ ಬೇಕಾಯಿತು. ಕೊನೆಗೆ ಕೊಳೆತ ಬದನೆಕಾಯಿಯ ಬಣ್ಣ, ಅದರ ನಡುವೆ ಕಣ್ಣು ಮೇಲೆ ಮಾಡಿಕೊಂಡು ಕಾರಿಕೊಳ್ಳುವ ಒಂದು ಮುಖ ಉಳಿಯಿತು.

ವ್ಯಾಪಾರಿ ಅದನ್ನು ನೋಡಿ ಮೂಗು ಮುರಿದ. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಸರಿ. ಈ ಹೆಗ್ಗಣವನ್ನ ಯಾರು ಸ್ವಾಮಿ ಮುಟ್ಟುತ್ತಾರೆ?"

"ಮುಟ್ಟಬಾರದೆಂದೇ ಬರೆದದ್ದು. ಇದು ಬೇಡವಾದರೆ ನಿಮ್ಮ ಚಹಾಪುಡಿಗೂ ಎಣ್ಣೆಗೂ ಇನ್ನು ಮುಂದೆ ಬೇರೆಯವರನ್ನು ನೋಡಿಕೊಳ್ಳಿ," ಎಂದ ವಿನ್ಯಾಸಕಾರ. ವ್ಯಾಪಾರಿ ಗೊಣಗಿಕೊಂಡೇ ಒಪ್ಪಿದ. ಹಳೆಯ ಡಬ್ಬಿಗಳನ್ನು ಅಂಗಡಿಗಳಿಂದ ವಾಪಸು ತರಿಸಿದ. ಮನೆಗಳಲ್ಲಿದ್ದ ಗೀಜಗವನ್ನು ಹೊರಗೆ ಹಾಕಿ ಎಂದು ಸಂತೆಸಂತೆಯಲ್ಲಿ ಡಂಗುರ ಸಾರಿಸಿದ.

ಊರು ಸುಮ್ಮನಿರುತ್ತದೆಯೇ? ಮುದುಕನ ಕೈ ಬಿದ್ದುಹೋಯಿತು ಎಂದಿತು. ಹಾರ ಹಾಕಿದವರು ಎದುರು ಸಿಕ್ಕರೆ ಮುಖ ತಿರುಗಿಸಿದರು. ಅವನಿಗೆ ಬೇಕಾಗಿದ್ದದ್ದು ಒಬ್ಬಳ ಮಾತು ಮಾತ್ರ. ಪುಡಿಯನ್ನೇ ಕಾಣದ ಒಂದು ಹೊಸ ಡಬ್ಬಿ ಹಿಡಿದು ಅಕ್ಕನ ಮನೆಗೆ ಹೋದ.

"ಅಕ್ಕಾ, ಹೊಸದು ಬರೆದಿದೀನಿ. ಒಳಗೆ ಏನೂ ಹಾಕಿಲ್ಲ, ಶುದ್ಧವಾಗಿದೆ. ಇಟ್ಟುಕೋ," ಎಂದ.

ಅಕ್ಕ ಡಬ್ಬಿಯನ್ನು ತಿರುಗಿಸಿ ನೋಡಿದಳು. ತಮ್ಮನ ಮುಖ ನೋಡಿದಳು. ಅವನ ಮನಸ್ಸು ನೋಯಬಾರದೆಂದು ಅಡಿಗೆಮನೆಗೆ ಒಯ್ದಳು. ಒಯ್ದಷ್ಟೇ ಬೇಗ ಹೊರಗೆ ಬಂದಳು.

"ಬೇಜಾರು ಮಾಡ್ಕೋಬೇಡ ಕಣಪ್ಪ. ನನ್ನ ತಮ್ಮ ಬರೆದದ್ದು ಅಂತ ಎಷ್ಟು ಸಮಾಧಾನ ಮಾಡಿಕೊಂಡರೂ ಮನಸ್ಸು ಒಪ್ತಿಲ್ಲ. ಥೂ, ಇದು ಮನೆಯೊಳಗೆ ಬೇಡ. ತಗೊಂಡು ಹೋಗು."

ಅವನು ಜಗುಲಿಯ ಮೇಲೆ ಕುಸಿದು ಕೂತ. ನಗುತ್ತಿದ್ದನೋ ಅಳುತ್ತಿದ್ದನೋ, ಅಕ್ಕನಿಗೆ ತಿಳಿಯಲಿಲ್ಲ. ಗಾಬರಿಯಿಂದ ಅವನ ತಲೆ ಸವರಿದಳು. ಮೊಮ್ಮಗಳು ಬಂದು ಅವನ ತೊಡೆಯೇರಿ ಕೂತಳು.

ಆಚಾರ್ಯರು ಕತೆ ನಿಲ್ಲಿಸಿದರು. ಮಂದಾಕಿನಿಯ ಕಣ್ಣು ತುಂಬಿತ್ತು. "ಪಾಪ, ಅಷ್ಟು ಪ್ರೀತಿಯ ಅಕ್ಕನೇ ಥೂ ಎಂದದ್ದು ಅವನಿಗೆ ನೋಯಲಿಲ್ಲವೇ, ಗುರುಗಳೇ?" ಎಂದಳು.

"ಲೋಕ ಆಹಾ ಎನ್ನುವುದನ್ನು ನೀನೂ ಬರೆಯುತ್ತೀ ಮಗಳೇ. ಆದರೆ ನಿನ್ನ ಪ್ರೀತಿಯವರು ಬದುಕಿ ಉಳಿಯಲೆಂದು ಅವರೇ ಥೂ ಎನ್ನುವುದನ್ನು ಬರೆಯಬಲ್ಲೆಯಾ?"